ಹುಡುಕುವುದೂ ಒಂದು ವಿದ್ಯೆ

ಗ್ರಂಥಗಳು ವಿರಳವಾಗಿದ್ದ ಕಾಲದಲ್ಲಿ ಜಿಜ್ಞಾಸುವಿನ ಕಷ್ಟವೆಲ್ಲ ಪಡೆಯುವುದರಲ್ಲಿತ್ತು. ಒಂದು ಓಲೆಗರಿಯ ಕಟ್ಟಿಗಾಗಿ ಊರೂರು ಅಲೆಯಬೇಕಾಗಿತ್ತು. ಒಡೆಯನ ಮನವೊಲಿಸಿ, ಕುಳಿತು ನಕಲು ಮಾಡಿಕೊಳ್ಳಬೇಕಾಗಿತ್ತು. ಇಂದಿನ ಕಷ್ಟ ಇದಕ್ಕೆ ತೀರ ವಿಪರೀತವಾದುದು. ಈಗ ದೊರೆಯದಿರುವುದು ಕಡಿಮೆ. ದೊರೆತುದರಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂಬ ವಿವೇಚನೆಯೇ ದುರ್ಲಭ. ಅಂತರ್ಜಾಲದ ಶೋಧಪೆಟ್ಟಿಗೆಯಲ್ಲಿ ನಾಲ್ಕು ಪದಗಳನ್ನು ಬರೆದರೆ ಕ್ಷಣಾರ್ಧದಲ್ಲಿ ಪುಟಗಟ್ಟಲೆ ಉತ್ತರಗಳು ಬಂದು ನಿಲ್ಲುತ್ತವೆ. ಹೀಗಿರುವಾಗ ಹುಡುಕುವುದನ್ನು ಒಂದು ವಿದ್ಯೆಯೆಂದು ಕಲಿಯಬೇಕೇ, ಅದರಿಂದ ಜೀವನೋಪಾಯ ಸಾಧ್ಯವೇ ಎಂದು ಹಲವರು ಕೇಳುತ್ತಾರೆ. ಕಲಿಯಲೇಬೇಕು ಎಂಬುದಕ್ಕೂ, ಕಲಿತವರಿಗೆ ಅದು ಅನ್ನ ನೀಡಬಲ್ಲುದು ಎಂಬುದಕ್ಕೂ ಸಾಕಷ್ಟು ಆಧಾರಗಳಿವೆ. ಅವನ್ನು ಓದುಗ ಬಂಧುಗಳ ಮುಂದೆ, ವಿಶೇಷವಾಗಿ ಉದ್ಯೋಗದ ಹೊಸ್ತಿಲಲ್ಲಿ ನಿಂತಿರುವ ತರುಣ ತರುಣಿಯರ ಮುಂದೆ ಇಡುವುದು ಈ ಬರಹದ ಉದ್ದೇಶ.

ಅರೆಬರೆ ಶೋಧನೆಗೆ ತೆತ್ತ ಬೆಲೆ

ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ವೈದ್ಯವಿದ್ಯೆಗೆ ಜಗತ್ತಿನಲ್ಲೇ ಹೆಸರಾದ ಸಂಸ್ಥೆ. 2001ರಲ್ಲಿ ಅಲ್ಲಿ ಉಬ್ಬಸದ ಕಾರಣಗಳನ್ನು ಕುರಿತು ಒಂದು ಪ್ರಯೋಗ ನಡೆಯಿತು. ಆರೋಗ್ಯವಂತರಾದ ಸ್ವಯಂಸೇವಕರಿಗೆ ಹೆಕ್ಸಾಮೆಥೋನಿಯಂ ಎಂಬ ರಾಸಾಯನಿಕವನ್ನು ಉಸಿರಿನ ಮೂಲಕ ಕೊಟ್ಟು, ಅವರ ಶ್ವಾಸನಾಳಗಳ ವರ್ತನೆಯನ್ನು ಪರೀಕ್ಷಿಸುವುದು ಅದರ ಕ್ರಮ. ಅವರಲ್ಲೊಬ್ಬಳು 24 ವರ್ಷದ ಯುವತಿ. ಯಾವ ರೋಗವೂ ಇಲ್ಲದ ಆಕೆ ಔಷಧವನ್ನು ಸೇವಿಸಿದ ಬಳಿಕ ಕೆಮ್ಮು ಜ್ವರಗಳಿಂದ ಹಾಸಿಗೆ ಹಿಡಿದಳು. ಶ್ವಾಸಕೋಶಗಳು ಹಾಳಾಗಿ ಆ ವರ್ಷದ ಜೂನ್ 2ರಂದು ತೀರಿಕೊಂಡಳು.

ಪ್ರಯೋಗಕ್ಕೆ ಮುನ್ನ ಆ ವೈದ್ಯರು ಔಷಧದ ಅಪಾಯಗಳನ್ನು ಹುಡುಕಲಿಲ್ಲವೆಂದಲ್ಲ. ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ಹುಡುಕಿದ್ದರು, ಪಠ್ಯಗ್ರಂಥಗಳನ್ನೂ ನೋಡಿದ್ದರು. ಆದರೆ ಆ ಸೂಚಿಯ ದಾಖಲೆಗಳು ಆಗ 1966ರಿಂದ ಈಚಿನವು ಮಾತ್ರ. ಈ ಔಷಧವಾದರೋ ರಕ್ತದ ಒತ್ತಡಕ್ಕೆಂದು ಬಳಕೆಯಲ್ಲಿದ್ದದ್ದು 1950ರ ದಶಕದಲ್ಲಿ. ಅದು ಶ್ವಾಸಕೋಶಗಳಿಗೆ ಹಾನಿ ಮಾಡಬಲ್ಲುದೆಂಬ ವರದಿಗಳು ಪ್ರಕಟವಾದದ್ದೂ ಆಗಲೇ. ಅವು ಮುದ್ರಿತ ಸಂಪುಟಗಳಲ್ಲಿ, ಗ್ರಂಥಾಲಯದ ಕಪಾಟುಗಳಲ್ಲಿ ಇದ್ದವು. ಪರದೆಯ ಮೇಲೆ ಬಾರದುದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಮುಂದೆ ನಡೆದ ತನಿಖೆಗಳಲ್ಲಿ ಈ ಶೋಧನೆಯ ಕೊರತೆ ಬಯಲಿಗೆ ಬಂದು, ಸಂಸ್ಥೆಯಲ್ಲಿ ಸರ್ಕಾರದ ಹಣದಿಂದ ಮನುಷ್ಯರ ಮೇಲೆ ನಡೆಯುತ್ತಿದ್ದ ಪ್ರಯೋಗಗಳು ಕೆಲಕಾಲ ಸ್ಥಗಿತಗೊಂಡವು. ಪಬ್‌ಮೆಡ್‌ಗೆ ಅನಂತರದ ವರ್ಷಗಳಲ್ಲಿ ಹಿಂದಿನ ದಾಖಲೆಗಳು ಸೇರಿದವು. ಹೋದ ಜೀವ ಮಾತ್ರ ಮರಳಲಿಲ್ಲ.

ಇದರಿಂದ ಗ್ರಹಿಸಬೇಕಾದ ತತ್ತ್ವ ಒಂದೇ. 'ಏನೂ ಸಿಗಲಿಲ್ಲ' ಎಂಬುದಕ್ಕೂ 'ಏನೂ ಇಲ್ಲ' ಎಂಬುದಕ್ಕೂ ಅಜಗಜಾಂತರವಿದೆ. ಎಲ್ಲಿಂದ ಎಲ್ಲಿಯವರೆಗೆ ಹುಡುಕಿದೆ, ಎಲ್ಲಿ ಹುಡುಕಲಿಲ್ಲ ಎಂಬುದನ್ನು ಅರಿತು ಹೇಳಬಲ್ಲವನೇ ವೃತ್ತಿಶೋಧಕ. ಉಳಿದವರು ಪೆಟ್ಟಿಗೆಯ ಮುಂದೆ ಕುಳಿತ ಅದೃಷ್ಟಪರೀಕ್ಷಕರು.

ಅರಿಶಿನ ಗೆದ್ದ ಬಗೆ

ಸರಿಯಾದ ಶೋಧನೆಯ ಫಲಕ್ಕೆ ನಮ್ಮ ದೇಶದ ನಿದರ್ಶನವೇ ಇದೆ. ಗಾಯಕ್ಕೆ ಅರಿಶಿನ ಹಚ್ಚುವುದನ್ನು ನಮ್ಮ ಅಜ್ಜಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ 1995ರಲ್ಲಿ, ಗಾಯ ಮಾಯಿಸಲು ಅರಿಶಿನವನ್ನು ಬಳಸುವ ಕ್ರಮಕ್ಕೆ ಅಮೆರಿಕದಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟು ದೊರೆಯಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ 1996ರಲ್ಲಿ ಇದನ್ನು ಪ್ರಶ್ನಿಸಿತು. 'ನಮ್ಮಲ್ಲಿ ಇದು ಎಲ್ಲರಿಗೂ ಗೊತ್ತು' ಎಂಬ ಮಾತು ಪೇಟೆಂಟ್ ಕಚೇರಿಯಲ್ಲಿ ಸಾಕ್ಷಿಯಾಗದು. ಬರಹದ ಆಧಾರ ಬೇಕು. ಮಂಡಳಿಯವರು ಪ್ರಾಚೀನ ಸಂಸ್ಕೃತ ಗ್ರಂಥಗಳಿಂದ ಮೊದಲುಗೊಂಡು 1953ರ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ ಲೇಖನದವರೆಗೆ 32 ಆಧಾರಗಳನ್ನು ಹುಡುಕಿ ಮುಂದಿಟ್ಟರು. 1997ರಲ್ಲಿ ಪೇಟೆಂಟು ರದ್ದಾಯಿತು. ಇದರ ಅನುಭವದಿಂದಲೇ 2001ರಲ್ಲಿ ನಮ್ಮ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದ ಕಾರ್ಯ ಮೊದಲಾಯಿತು. ಇಂದು ಒಂದು ಆವಿಷ್ಕಾರ ನಿಜವಾಗಿ ಹೊಸದೇ ಎಂದು ಪೂರ್ವದಾಖಲೆಗಳನ್ನು ಶೋಧಿಸುವುದು ಸ್ವತಂತ್ರವಾದೊಂದು ಉದ್ಯೋಗವಾಗಿ ಬೆಳೆದಿದೆ.

ವೃತ್ತಿಯ ಹಿನ್ನೆಲೆ

ಇದು ನಿನ್ನೆ ಮೊನ್ನೆ ಹುಟ್ಟಿದ ವೃತ್ತಿಯಲ್ಲ. ಲಾಕ್‌ಹೀಡ್ ಸಂಸ್ಥೆಯ ಡೈಲಾಗ್ ಎಂಬ ಗಣಕ ಶೋಧಸೇವೆ 1972ರಲ್ಲಿ ವಾಣಿಜ್ಯರೂಪ ತಾಳಿತು. ದೂರವಾಣಿ ತಂತಿಯ ಮೂಲಕ ದೂರದ ದತ್ತಾಂಶ ಭಂಡಾರಗಳನ್ನು ಹುಡುಕಬಲ್ಲವರು ಅಂದು ವಿರಳ. ಸಂಪರ್ಕದ ಪ್ರತಿ ನಿಮಿಷಕ್ಕೂ ಹಣ ತೆರಬೇಕಾದುದರಿಂದ ಅವರು ಪ್ರಶ್ನೆಯನ್ನು ಮೊದಲೇ ಕಾಗದದ ಮೇಲೆ ಬರೆದು, ಪದಗಳನ್ನು ತೂಗಿ, ಬಳಿಕವೇ ಯಂತ್ರವನ್ನು ಮುಟ್ಟುತ್ತಿದ್ದರು. ಈ ಶಿಸ್ತು ಇಂದಿಗೂ ಅನುಕರಣೀಯ. 1987ರಲ್ಲಿ ಅಮೆರಿಕದಲ್ಲಿ ಸ್ವತಂತ್ರ ಮಾಹಿತಿ ವೃತ್ತಿನಿರತರ ಸಂಘವೇ ಸ್ಥಾಪನೆಯಾಯಿತು.

1998ರಲ್ಲಿ ಗೂಗಲ್ ಸಂಸ್ಥೆ ಸ್ಥಾಪನೆಯಾದ ಬಳಿಕ ಇನ್ನು ಮಧ್ಯವರ್ತಿಯೇಕೆ ಎಂಬ ಪ್ರಶ್ನೆ ಎದ್ದಿತು. ಸ್ವತಃ ಗೂಗಲ್ ಸಂಸ್ಥೆಯೇ 2002ರಲ್ಲಿ ಇದಕ್ಕೆ ಕುತೂಹಲಕರವಾದ ಉತ್ತರ ಕೊಟ್ಟಿತು. 'ಗೂಗಲ್ ಆನ್ಸರ್ಸ್' ಎಂಬ ಸೇವೆಯಲ್ಲಿ ಯಾರೇ ಆಗಲಿ 2ರಿಂದ 200 ಡಾಲರುಗಳವರೆಗೆ ಬೆಲೆ ಕಟ್ಟಿ ಪ್ರಶ್ನೆ ಕೇಳಬಹುದಾಗಿತ್ತು. ಪರೀಕ್ಷಿಸಿ ಆಯ್ದ ಶೋಧಕರು ಉತ್ತರ ಬರೆದು, ಆ ಹಣದ ಮುಕ್ಕಾಲು ಭಾಗವನ್ನು ಪಡೆಯುತ್ತಿದ್ದರು. ಜಗತ್ತಿನ ಅತಿ ದೊಡ್ಡ ಶೋಧಯಂತ್ರದ ಅಂಗಳದಲ್ಲೇ ಜನರು ಹಣ ಕೊಟ್ಟು ಮನುಷ್ಯರಿಂದ ಹುಡುಕಿಸಿದರು! 2006ರ ಕೊನೆಗೆ ಆ ಸೇವೆ ನಿಂತಿತು. ಆದರೆ ಅಗತ್ಯ ನಿಲ್ಲಲಿಲ್ಲ. ಅದು ಪೇಟೆಂಟ್ ಸಂಸ್ಥೆಗಳು, ಕಾನೂನು ಕಚೇರಿಗಳು, ಮಾರುಕಟ್ಟೆ ಸಮೀಕ್ಷಕರು, ವೈದ್ಯಕೀಯ ಸಂಶೋಧನೆ, ಪತ್ರಿಕೆಗಳ ಸತ್ಯಶೋಧನ ವಿಭಾಗಗಳು ಎಂದು ಹಲವು ಶಾಖೆಗಳಾಗಿ ಹರಡಿತು.

ಯಂತ್ರದ ಮಿತಿ

ಶೋಧಯಂತ್ರ ನಾವು ಕೇಳಿದೊಡನೆ ಜಗತ್ತನ್ನೆಲ್ಲ ಜಾಲಾಡುತ್ತದೆಂಬುದು ಭ್ರಮೆ. ಅದು ಮೊದಲೇ ಸುತ್ತಾಡಿ, ಕಂಡ ಪುಟಗಳ ಪದಸೂಚಿಯನ್ನು ಸಿದ್ಧಪಡಿಸಿಕೊಂಡಿರುತ್ತದೆ. ನಾವು ಹುಡುಕುವುದು ಆ ಸೂಚಿಯನ್ನು. ಉತ್ತರಗಳ ಕ್ರಮವನ್ನು ನಿರ್ಧರಿಸುವುದು ಯಂತ್ರದ ಲೆಕ್ಕಾಚಾರ. ಮೊದಲು ಬಂದುದು ಜನಪ್ರಿಯವಾದುದಿರಬಹುದು, ಜಾಹೀರಾತಿರಬಹುದು. ಸತ್ಯವೇ ಆಗಿರಬೇಕೆಂಬ ನಿಯಮವಿಲ್ಲ.

ಮತ್ತೊಂದು ಮಿತಿ ಇದಕ್ಕಿಂತ ದೊಡ್ಡದು. ಎಷ್ಟೋ ಅಮೂಲ್ಯ ದಾಖಲೆಗಳು ಸೂಚಿಗೆ ಎಟುಕದ ಭಂಡಾರಗಳ ಒಳಗಿರುತ್ತವೆ. ಆಯಾ ಭಂಡಾರದ ಬಾಗಿಲಿಗೇ ಹೋಗಿ ಕೇಳಬೇಕು. ನ್ಯಾಯಾಲಯಗಳ ತೀರ್ಪುಗಳಿಗೆ 2008ರಿಂದ ಇಂಡಿಯನ್ ಕಾನೂನ್ ಇದೆ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ. ಪುಸ್ತಕಗಳಿಗೆ ಖರಗ್‌ಪುರದ ಐಐಟಿ ನಿರ್ಮಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವಿದೆ. ಕಂಪನಿಗಳ ನೋಂದಣಿಗೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣವೂ, ವೈದ್ಯಕೀಯಕ್ಕೆ ಪಬ್‌ಮೆಡ್ಡೂ ಇವೆ. ಅಳಿಸಿಹೋದ ಪುಟಗಳಿಗಾಗಿ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷಿನ್ ಇದೆ. 1996ರಿಂದ ಕೂಡಿಸಿದ ಹಳೆಯ ಪುಟಗಳ ಪ್ರತಿಗಳು 2001ರಿಂದ ಸಾರ್ವಜನಿಕರಿಗೆ ಲಭ್ಯ. ಯಾವ ಪ್ರಶ್ನೆಗೆ ಯಾವ ಬಾಗಿಲು ಎಂಬ ಜ್ಞಾನವೇ ಈ ವೃತ್ತಿಯ ಮೂಲಧನ.

ಪದಗಳ ಆಯ್ಕೆ

ಪ್ರಶ್ನೆಯ ಪದಗಳನ್ನಲ್ಲ, ಉತ್ತರದಲ್ಲಿ ಇರಬಹುದಾದ ಪದಗಳನ್ನು ಬರೆಯಬೇಕೆಂಬುದು ಶೋಧನೆಯ ಮೊದಲ ಸೂತ್ರ. ಅರಿಶಿನವನ್ನು ಬರೆದ ಸಂಸ್ಕೃತ ವೈದ್ಯ ಅದನ್ನು ಹರಿದ್ರಾ ಎಂದಿರುತ್ತಾನೆ, ಹಿಂದಿಯವನು ಹಲ್ದೀ ಎಂದು, ಸಸ್ಯವಿಜ್ಞಾನಿ ಕರ್ಕ್ಯುಮಾ ಲಾಂಗಾ ಎಂದು. ಒಂದೇ ಹೆಸರನ್ನು ಹಿಡಿದು ಹೊರಟವನಿಗೆ ಉಳಿದ ಬಾಗಿಲುಗಳು ಮುಚ್ಚಿರುತ್ತವೆ.

ಊರುಗಳ ವಿಷಯದಲ್ಲಂತೂ ಎಚ್ಚರ ಅತ್ಯಗತ್ಯ. 2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಕಲಬುರಗಿಯ ಹಳೆಯ ದಾಖಲೆ ಬೇಕಾದವನು ಗುಲ್ಬರ್ಗ ಎಂದೂ, ವಿಜಯಪುರದ್ದು ಬೇಕಾದವನು ಬಿಜಾಪುರ ಎಂದೂ ಹುಡುಕಬೇಕು. ಹೆಸರು ಮಾತ್ರವಲ್ಲ, ಆಡಳಿತದ ಗಡಿಯೂ ಬದಲಾಗಿದೆ. ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳ 1884ರ ವರ್ಣನೆ ಮೈಸೂರಿನ ಗ್ರಂಥಗಳಲ್ಲಿ ಸಿಗುವುದಿಲ್ಲ. ಅದು ಬೊಂಬಾಯಿ ಪ್ರಾಂತದ ಗ್ಯಾಸೆಟಿಯರ್ ಸಂಪುಟಗಳಲ್ಲಿದೆ. ಬೀದರ, ರಾಯಚೂರುಗಳಿಗೆ ಹೈದರಾಬಾದ್ ಸಂಸ್ಥಾನದ ಕಡತಗಳನ್ನು ನೋಡಬೇಕು. ಹೀಗೆ ಇತಿಹಾಸ ಭೂಗೋಳಗಳ ಓದು ಶೋಧಕನಿಗೆ ನೇರವಾಗಿ ನೆರವಾಗುತ್ತದೆ. ಕಲಾ ವಿಭಾಗದ ಪದವಿ ನಿಷ್ಪ್ರಯೋಜಕವೆಂದು ಕೊರಗುವವರು ಇದನ್ನು ಗಮನಿಸಬೇಕು.

ಕೆಲವು ಸಣ್ಣ ಉಪಕರಣಗಳನ್ನು ಎಲ್ಲರೂ ಕಲಿಯಬಹುದು. ಪದಗುಚ್ಛವನ್ನು ಉದ್ಧರಣ ಚಿಹ್ನೆಗಳೊಳಗೆ ಇಟ್ಟರೆ ಅದೇ ಕ್ರಮದಲ್ಲಿ ಇರುವ ಪುಟಗಳಿಗೆ ಆದ್ಯತೆ ಸಿಗುತ್ತದೆ. ಬೇಡದ ಪದದ ಹಿಂದೆ ತೆರವಿಲ್ಲದೆ ಕಳೆಯುವ ಚಿಹ್ನೆ ಇಟ್ಟರೆ ಆ ಪದವಿರುವ ಪುಟಗಳು ತೊಲಗುತ್ತವೆ. 'ಸೈಟ್' ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಎರಡು ಚುಕ್ಕಿಯ ಚಿಹ್ನೆಯ ಬೆನ್ನಿಗೇ ಜಾಲತಾಣದ ವಿಳಾಸವನ್ನು ಸೇರಿಸಿದರೆ ಶೋಧನೆ ಆ ತಾಣಕ್ಕೆ ಸೀಮಿತವಾಗುತ್ತದೆ. ಸರ್ಕಾರಿ ತಾಣಗಳ ವಿಳಾಸದ ಕೊನೆಯ ಭಾಗವನ್ನಷ್ಟೇ ಕೊಟ್ಟರೆ ಸರ್ಕಾರಿ ದಾಖಲೆಗಳು ಮಾತ್ರ ಬರುತ್ತವೆ. 'ಫೈಲ್‌ಟೈಪ್' ಎಂಬುದನ್ನು ಇದೇ ರೀತಿ ಬಳಸಿ ಪಿಡಿಎಫ್ ಕಡತಗಳನ್ನು ಆರಿಸಬಹುದು. ವರದಿಗಳೂ ಸುತ್ತೋಲೆಗಳೂ ಸಾಮಾನ್ಯವಾಗಿ ಆ ರೂಪದಲ್ಲೇ ಇರುತ್ತವೆ. ಇವನ್ನು ಕಲಿಯಲು ಒಂದು ದಿನ ಸಾಕು. ಯಾವಾಗ ಯಾವುದನ್ನು ಬಳಸಬೇಕೆಂಬುದು ವರುಷಗಳ ಅಭ್ಯಾಸದಿಂದ ಬರತಕ್ಕದ್ದು.

ಕನ್ನಡದಲ್ಲಿ ಹುಡುಕುವವರಿಗೆ ಬೇರೆಯೇ ತೊಡಕುಗಳಿವೆ. ನಮ್ಮ ಪದಗಳಿಗೆ ವಿಭಕ್ತಿ ಅಂಟಿಕೊಳ್ಳುತ್ತದೆ, ಸಂಧಿಯಾಗುತ್ತದೆ. 'ಊರು' ಎಂದು ಹುಡುಕಿದವನಿಗೆ 'ಊರಿನಲ್ಲಿ' ಎಂದಿರುವ ಪುಟ ತಪ್ಪಿಹೋಗಬಹುದು. ಕಾಗುಣಿತದ ಪರ್ಯಾಯ ರೂಪಗಳು ಹಲವು. ಯೂನಿಕೋಡ್ ಬಳಕೆ ರೂಢಿಯಾಗುವ ಮೊದಲು ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಕಡತಗಳು ನಮ್ಮ ಕಣ್ಣಿಗೆ ಕನ್ನಡವಾದರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಸ್ಕ್ಯಾನ್ ಮಾಡಿಟ್ಟ ಪುಸ್ತಕಗಳು ಎಷ್ಟೋ ಸಲ ಬರಿಯ ಚಿತ್ರಗಳು. ಅವುಗಳೊಳಗಿನ ಒಂದು ಪದವೂ ಶೋಧಕ್ಕೆ ಸಿಕ್ಕದು. ಆದ್ದರಿಂದ ಕನ್ನಡದ ಶೋಧಕ ಪುಸ್ತಕದ ಹೆಸರನ್ನು ಹಿಡಿದು ಕಡತವನ್ನು ತೆರೆದು, ಪುಟ ತಿರುವಿ ಓದಲೇಬೇಕು. ಇದು ಶ್ರಮವೇ ಸರಿ. ಆದರೆ ಈ ಶ್ರಮವನ್ನು ಮಾಡಬಲ್ಲವರು ಕೆಲವರೇ ಆದುದರಿಂದ, ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಚೆನ್ನಾಗಿ ಬಲ್ಲ ನಮ್ಮ ಮಕ್ಕಳಿಗೆ ಇದರಲ್ಲಿ ಮೇಲುಗೈಯಿದೆ.

ಸಾಕ್ಷಿಯನ್ನು ತೂಗುವ ಬಗೆ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಒಂದು ನಿಯಮ ತಿಳಿದಿರುತ್ತದೆ. ಹತ್ತು ಓಲೆಪ್ರತಿಗಳಲ್ಲಿ ಒಂದೇ ಪಾಠವಿದ್ದ ಮಾತ್ರಕ್ಕೆ ಅದು ಶುದ್ಧವಲ್ಲ. ಆ ಹತ್ತೂ ಒಂದೇ ತಪ್ಪುಪ್ರತಿಯ ನಕಲುಗಳಾಗಿದ್ದರೆ ಅವು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಅಂತರ್ಜಾಲಕ್ಕೂ ಇದೇ ನ್ಯಾಯ. ಒಂದು ಸುದ್ದಿ ಇಪ್ಪತ್ತು ತಾಣಗಳಲ್ಲಿ ಕಂಡಾಗ, ಅವೆಲ್ಲ ಎಲ್ಲಿಂದ ತೆಗೆದುಕೊಂಡವು ಎಂದು ಹಿಂದೆ ಹಿಂದೆ ಹೋಗಿ ಮೂಲವನ್ನು ಮುಟ್ಟಬೇಕು. ಯಾರು ಹೇಳಿದರು, ಯಾವಾಗ ಹೇಳಿದರು, ಅವರಿಗೆ ಹೇಗೆ ಗೊತ್ತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯುವ ತನಕ ಯಾವ ಮಾತನ್ನೂ ವರದಿಯಲ್ಲಿ ಸೇರಿಸಲಾಗದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಅವರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಲ್ಲೇಖಾರ್ಹ. 10 ಮಂದಿ ಇತಿಹಾಸಕಾರರು, 10 ಮಂದಿ ವೃತ್ತಿನಿರತ ಸತ್ಯಪರೀಕ್ಷಕರು, 25 ಮಂದಿ ವಿದ್ಯಾರ್ಥಿಗಳು ಜಾಲತಾಣಗಳನ್ನು ಪರೀಕ್ಷಿಸುವ ಬಗೆಯನ್ನು ಅವರು ಹೋಲಿಸಿದರು. ಪಂಡಿತರೂ ವಿದ್ಯಾರ್ಥಿಗಳೂ ಎದುರಿನ ಪುಟವನ್ನೇ ಮೇಲಿನಿಂದ ಕೆಳಗೆ ಓದುತ್ತ, ಅದರ ಅಂದಕ್ಕೂ ಗಂಭೀರ ಹೆಸರಿಗೂ ಮರುಳಾದರು. ಸತ್ಯಪರೀಕ್ಷಕರಾದರೋ ಬೇಗನೆ ಆ ಪುಟವನ್ನು ಬಿಟ್ಟು, ಬೇರೆ ಕಿಟಕಿಗಳನ್ನು ತೆರೆದು, ಈ ತಾಣದ ಬಗೆಗೆ ಇತರರು ಏನೆನ್ನುತ್ತಾರೆಂದು ನೋಡಿದರು. ಕಡಿಮೆ ಕಾಲದಲ್ಲಿ ಸರಿಯಾದ ನಿರ್ಣಯಕ್ಕೆ ಬಂದವರು ಅವರೇ. ವರನ ಗುಣವನ್ನು ವರನ ಮನೆಯಲ್ಲಿ ಮಾತ್ರ ವಿಚಾರಿಸದೆ ನೆರೆಹೊರೆಯಲ್ಲೂ ವಿಚಾರಿಸುವ ನಮ್ಮ ಹಿರಿಯರ ಕ್ರಮವೂ ಇದೇ ಅಲ್ಲವೇ?

ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಯಂತ್ರಗಳು ಉತ್ತರವನ್ನೇ ಬರೆದುಕೊಡುತ್ತಿವೆ. ಸಾರಾಂಶ ಮಾಡಲು, ಪರ್ಯಾಯ ಪದಗಳನ್ನು ಸೂಚಿಸಲು ಅವು ಉಪಯುಕ್ತ. ಆದರೆ ಇಲ್ಲದ್ದನ್ನು ಇದೆಯೆಂದು ನಿರರ್ಗಳವಾಗಿ ಹೇಳುವ ದೋಷ ಅವುಗಳಲ್ಲಿದೆ. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ವಿಮಾನ ಸಂಸ್ಥೆಯೊಂದರ ವಿರುದ್ಧದ ಮೊಕದ್ದಮೆಯಲ್ಲಿ ವಕೀಲರು ಚಾಟ್‌ಜಿಪಿಟಿ ಒದಗಿಸಿದ ಪೂರ್ವತೀರ್ಪುಗಳನ್ನು ಉಲ್ಲೇಖಿಸಿದರು. ಅಂಥ ತೀರ್ಪುಗಳು ಎಂದೂ ಹೊರಬಂದಿರಲಿಲ್ಲ. ನ್ಯಾಯಾಧೀಶರು 5,000 ಡಾಲರುಗಳ ದಂಡ ವಿಧಿಸಿದರು. ಮೂಲವನ್ನು ಒಮ್ಮೆ ತೆರೆದು ನೋಡಿದ್ದರೆ ಈ ಅವಮಾನ ತಪ್ಪುತ್ತಿತ್ತು. ಯಂತ್ರ ಹೆಚ್ಚು ಹೇಳಿದಷ್ಟೂ, ಹೇಳಿದ್ದು ನಿಜವೇ ಎಂದು ಪರೀಕ್ಷಿಸಬಲ್ಲ ಮನುಷ್ಯನ ಬೆಲೆ ಏರುತ್ತದೆಯೇ ಹೊರತು ಇಳಿಯದು.

ವೃತ್ತಿಗೆ ಸಿದ್ಧತೆ

ಈ ದಾರಿಯಲ್ಲಿ ನಡೆಯಬಯಸುವವರು ಮೊದಲು ಒಂದು ವಿಷಯಕ್ಷೇತ್ರವನ್ನು ಆರಿಸಿಕೊಳ್ಳಲಿ. ಎಲ್ಲವನ್ನೂ ಹುಡುಕಬಲ್ಲೆನೆನ್ನುವವನಿಗಿಂತ ಒಂದನ್ನು ಆಳವಾಗಿ ಹುಡುಕಬಲ್ಲವನಿಗೆ ಮನ್ನಣೆ. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಪೇಟೆಂಟ್ ಶೋಧನೆ, ಕಾನೂನು ಓದಿದವರಿಗೆ ತೀರ್ಪುಗಳ ಶೋಧನೆ, ವಾಣಿಜ್ಯದವರಿಗೆ ಕಂಪನಿಗಳ ವಿವರ, ಇತಿಹಾಸ ಭಾಷೆಗಳವರಿಗೆ ಪತ್ರಾಗಾರ ಹಾಗೂ ಹಳೆಯ ಗ್ರಂಥಗಳು ಸಹಜವಾದ ಕ್ಷೇತ್ರಗಳು. ಗ್ರಂಥಾಲಯ ವಿಜ್ಞಾನದ ಪದವಿ ಎಲ್ಲದಕ್ಕೂ ಭದ್ರವಾದ ತಳಹದಿ.

ದಿನಕ್ಕೊಂದು ಗಂಟೆಯ ಅಭ್ಯಾಸ ಆರು ತಿಂಗಳು ನಡೆಯಲಿ. ಮೊದಲ ಎರಡು ತಿಂಗಳು, ಮೊಬೈಲಿನಲ್ಲಿ ನೆಂಟರಿಷ್ಟರು ಕಳಿಸುವ ಸಂದೇಶಗಳಲ್ಲಿ ದಿನಕ್ಕೊಂದನ್ನು ಆರಿಸಿ ಅದರ ಮೂಲವನ್ನು ಪತ್ತೆ ಮಾಡಬೇಕು. ಚಿತ್ರವಾದರೆ, ಚಿತ್ರವನ್ನೇ ಕೊಟ್ಟು ಹುಡುಕುವ ಸೌಲಭ್ಯದಿಂದ ಅದು ಮೊದಲು ಎಲ್ಲಿ, ಯಾವ ವರ್ಷ ಕಾಣಿಸಿತೆಂದು ನೋಡಬೇಕು. ಮುಂದಿನ ಎರಡು ತಿಂಗಳು ತಮ್ಮ ಕ್ಷೇತ್ರದ ಭಂಡಾರಗಳ ಪರಿಚಯ: ಪ್ರತಿಯೊಂದರಲ್ಲೂ ಏನಿದೆ, ಯಾವ ವರ್ಷದಿಂದ ಇದೆ, ಏನಿಲ್ಲ ಎಂದು ಬರೆದಿಡಬೇಕು. ಜಾನ್ಸ್ ಹಾಪ್ಕಿನ್ಸ್ ಪ್ರಕರಣದ ಪಾಠ ಇಲ್ಲಿ ನೆನಪಿರಲಿ. ಕೊನೆಯ ಎರಡು ತಿಂಗಳಲ್ಲಿ ನಾಲ್ಕೈದು ಮಾದರಿ ವರದಿಗಳನ್ನು ಬರೆಯಬೇಕು. ಕೆಲಸ ಕೇಳಿಕೊಂಡು ಹೋದಾಗ ಪ್ರಮಾಣಪತ್ರಕ್ಕಿಂತ ಹೆಚ್ಚಾಗಿ ಮಾತನಾಡುವುದು ಈ ವರದಿಗಳೇ.

ವರದಿಗೂ ಒಂದು ಕ್ರಮವಿದೆ. ಕೇಳಿದ ಪ್ರಶ್ನೆ, ಚುಟುಕಾದ ಉತ್ತರ, ಅದರ ಆಧಾರಗಳು, ಹುಡುಕಿದ ಸ್ಥಳಗಳು, ಬಳಸಿದ ಪದಗಳು, ಹುಡುಕಿದ ದಿನಾಂಕ, ಕೊನೆಯಲ್ಲಿ ದೊರೆಯದೆ ಉಳಿದದ್ದು. ಪ್ರಶ್ನೆಯನ್ನು ಸ್ವೀಕರಿಸುವಾಗಲೇ ಇದು ಯಾತಕ್ಕೆ ಬೇಕು, ಎಂದಿಗೆ ಬೇಕು, ಈಗಾಗಲೇ ತಿಳಿದಿರುವುದೇನು ಎಂದು ಕೇಳಬೇಕು. ಜನರು ಬಾಯಲ್ಲಿ ಕೇಳುವುದೊಂದು, ಮನಸ್ಸಿನಲ್ಲಿ ಬೇಕಾದದ್ದು ಮತ್ತೊಂದು ಆಗಿರುವುದು ಉಂಟು. ಸಂಭಾವನೆಯನ್ನು ತೊಡಗಿಸಿದ ಕಾಲಕ್ಕೆ ಗೊತ್ತುಪಡಿಸಿಕೊಳ್ಳಬೇಕೇ ಹೊರತು ಗಿರಾಕಿ ಬಯಸಿದ ಉತ್ತರ ಸಿಕ್ಕುವುದಕ್ಕಲ್ಲ. ಹಾಗೆ ಮಾಡಿದರೆ ಶೋಧಕ ತನಗರಿವಿಲ್ಲದೆಯೇ ವಕೀಲನಾಗಿಬಿಡುತ್ತಾನೆ.

ವೃತ್ತಿಧರ್ಮದ ಮಾತನ್ನು ಮರೆಯುವಂತಿಲ್ಲ. ಹುಡುಕಬಲ್ಲ ಶಕ್ತಿಯಿದೆಯೆಂದು ಒಬ್ಬರ ಮನೆಯ ಗುಟ್ಟನ್ನು ಕೆದಕುವುದು, ಸಾಮಾನ್ಯರ ವಿಳಾಸ ದೂರವಾಣಿಗಳನ್ನು ಮಾರುವುದು ಅಧರ್ಮ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ನಮ್ಮಲ್ಲಿ ಕಾಯಿದೆಯೂ ಬಂದಿದೆ. ಇನ್ನೊಬ್ಬರ ಬರಹವನ್ನು ಆಧಾರ ಹೇಳದೆ ತನ್ನದೆಂದು ಕೊಡುವುದು ಕಳವು.

ತಂದೆತಾಯಿಗಳಿಗೆ ಒಂದು ಮಾತು

ಮನೆಯಲ್ಲಿ ಕುಳಿತೇ ಗಳಿಸಬಹುದಾದ ಕೆಲಸವೆಂದೊಡನೆ ಮೋಸಗಾರರೂ ಬೆನ್ನು ಹತ್ತುತ್ತಾರೆ. ಕೆಲಸ ಕೊಡುವ ಮೊದಲೇ ನೋಂದಣಿಶುಲ್ಕ, ಠೇವಣಿ, ತರಬೇತಿ ಹಣ ಎಂದು ಕೇಳುವವರು ಯಾರೇ ಆಗಿರಲಿ, ಅವರಿಂದ ದೂರವಿರುವುದೇ ಲೇಸು. ನಿಜವಾದ ಉದ್ಯೋಗದಾತ ಹಣ ಕೊಡುತ್ತಾನೆ, ಕೇಳುವುದಿಲ್ಲ. ಹಣ ಕಳೆದುಕೊಂಡ ಪ್ರಸಂಗ ಬಂದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು. ಕೆಲಸ ಕೊಡುವೆನೆನ್ನುವ ಸಂಸ್ಥೆಯ ಪೂರ್ವಾಪರವನ್ನು ಕಂಪನಿ ನೋಂದಣಿಯ ತಾಣದಲ್ಲಿ ನೋಡಿ, ಅದರ ಬಗೆಗೆ ಇತರರ ಅಭಿಪ್ರಾಯವನ್ನು ಅರಸುವುದೇ ಮಕ್ಕಳ ಮೊದಲ ಶೋಧನೆಯಾಗಲಿ.

ಮೊದಲ ವರ್ಷದಲ್ಲೇ ಕೈತುಂಬ ವರಮಾನ ಬರುತ್ತದೆಂಬ ಆಸೆ ಬೇಡ. ಇದ್ದ ಕೆಲಸವನ್ನು ಬಿಡದೆ, ಓದನ್ನು ನಿಲ್ಲಿಸದೆ, ಜೊತೆಜೊತೆಗೇ ಬೆಳೆಸಿಕೊಳ್ಳಬೇಕಾದ ವಿದ್ಯೆಯಿದು. ವೃತ್ತಿಯಾಗಿ ಕೈಗೂಡದಿದ್ದರೂ ಇದು ವ್ಯರ್ಥವಾಗುವುದಿಲ್ಲ. ಮನೆಯವರಿಗೆ ವೈದ್ಯರು ಹೊಸ ಔಷಧ ಬರೆದಾಗ ಅದರ ಗುಣದೋಷಗಳನ್ನು ನಂಬಲರ್ಹ ಮೂಲದಿಂದ ತಿಳಿದು ವೈದ್ಯರನ್ನು ಪ್ರಶ್ನಿಸುವ ಮಗಳು, ಹೊಲದ ವ್ಯವಹಾರಕ್ಕೆ ಮುನ್ನ ದಾಖಲೆಗಳನ್ನು ತೆಗೆಸಿ ನೋಡುವ ಮಗ, ಬಂದ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು ನಿಜವೇ ಎಂದು ತಡೆದು ನಿಲ್ಲುವ ಸೊಸೆ ಇರುವ ಮನೆ ಸುಲಭವಾಗಿ ಮೋಸಹೋಗದು. ಅಂಥ ಮನೆಗಳು ಹೆಚ್ಚಿದಷ್ಟೂ ಊರಿಗೂ ಕ್ಷೇಮ.